ಮೂರನೆಯ ಪೆಡಲ್

ತಾರೀಖನಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿದ್ದು ಹೈಸ್ಕೂಲಿನಲ್ಲಿ. ಆಮೇಲೆ ಗದಗಿನ ಬೆಟಗೇರಿಯಲ್ಲಿ ತಂದೆ ಖಾಸಿಂಸಾಬರ ಸೀರೆ ಅಂಗಡಿ ಸೇರಿ, ಗಿರಾಕಿಗಳ ಮುಂದೆ ಸೀರೆ ಬಿಡಿಸುತ್ತ ಮಡಚುತ್ತ ತಲೆಯಲ್ಲಿ ಬಿಳಿಕೂದಲು ಬಂದರೂ ಆ ಹುಚ್ಚು ಇಳಿಯಲಿಲ್ಲ. ಹುಬ್ಬಳ್ಳಿಯಲ್ಲಿ ಹಳೆಯ ಕಾರು ಮಾರುವ ನಿಜಾಮುದ್ದೀನ ಒಂದು ದಿನ ಫೋನ್ ಮಾಡಿ, ಇಬ್ಬರೇ ಕೂರುವ ಅಂಥ ಕಾರು ಮೂರು ಬಂದಿವೆ, ಬಂದು ನೋಡ್ರಿ ಅಂದ.

ಹೆಂಡತಿ ನಿಶಾತ ಒಂದೇ ಮಾತು ಹೇಳಿದಳು. "ಯಾವುದರ ತಗೋರಿ. ನನಗೂ ಹೊಡ್ಯಾಕ ಬರೂವಂಗ ಇರಬೇಕು."

"ಆತು, ನಿನ್ನ ಬಿಟ್ಟು ತಗೋತೀನೇನು?" ಎಂದಿದ್ದ ತಾರೀಖ.

ನಿಶಾತ ಮದುವೆಗೆ ಮೊದಲೇ ಕಾರು ಕಲಿತವಳು. ಮನೆಯ ಹಳೆಯ ಕಾರನ್ನು ತಾನೇ ಹೊಡೆದುಕೊಂಡು ಮುಂಡರಗಿಯಲ್ಲಿದ್ದ ತಾಯಿ ಸುಗ್ರಾಬಿಯನ್ನು ಬೇಕೆಂದಾಗ ನೋಡಿ ಬರುತ್ತಿದ್ದಳು. ಒಮ್ಮೆ ಮಹಡಿಯ ಮೆಟ್ಟಿಲಿನಿಂದ ಜಾರಿ ಬಿದ್ದು ಎಡಗಾಲಿನ ಹರಡು ಮುರಿಯಿತು. ಒಳಗೆ ಪ್ಲೇಟು ಕೂರಿಸಿದರು. ನಡೆಯಲು ಬಂತು, ಕ್ಲಚ್ ಒತ್ತಲು ಮಾತ್ರ ಬರಲಿಲ್ಲ. ಅಂದಿನಿಂದ ಕಾರು ಬಾಗಿಲಲ್ಲೇ ನಿಂತಿರುತ್ತಿತ್ತು. ಅವಳು ಬುರ್ಖಾ ಹಾಕಿಕೊಂಡು ಪಡಸಾಲೆಯಲ್ಲಿ ಕೂತು ಗಂಡನ ದಾರಿ ಕಾಯುತ್ತಿದ್ದಳು. ಅಂಗಡಿಯಲ್ಲಿ ಗಿರಾಕಿ ಹೆಚ್ಚಾದ ದಿನ "ನಾಳೆ ಹೋಗೂಣು" ಎಂದು ಫೋನ್ ಬರುತ್ತಿತ್ತು. ಬುರ್ಖಾ ತೆಗೆದು ಗೂಟಕ್ಕೆ ಹಾಕಿ ಒಲೆಯ ಮುಂದೆ ಹೋಗುತ್ತಿದ್ದಳು.

ಇಬ್ಬರೂ ಹುಬ್ಬಳ್ಳಿಗೆ ಹೋದಾಗ ನಿಜಾಮುದ್ದೀನ ಮೂರೂ ಕಾರು ತೋರಿಸಿದ. ಒಂದು ಮ್ಯಾನುವಲ್, ಎಡಗಾಲಿನ ಕ್ಲಚ್ ಸೇರಿ ಮೂರು ಪೆಡಲಿನದು. ಇನ್ನೊಂದು ಹಳೆಯ ಆಟೋಮ್ಯಾಟಿಕ್, ತಾನೇ ನಿಧಾನವಾಗಿ ಗೇರು ಬದಲಿಸುವಂಥದ್ದು. ಮೂರನೆಯದು ಡ್ಯುಯಲ್ ಕ್ಲಚ್.

"ಇದಕ್ಕೂ ಕ್ಲಚ್ ಪೆಡಲ್ ಇಲ್ರಿ ಬೆಹನ್," ಎಂದು ಅವನು ನಿಶಾತಳಿಗೆ ವಿವರಿಸಿದ. "ಒಳಗ ಎರಡು ಕ್ಲಚ್ ಅದಾವು. ಒಂದು ಈಗಿನ ಗೇರ್ ಹಿಡದಿರತೈತಿ, ಇನ್ನೊಂದು ಮುಂದಿಂದು ತಯಾರ ಇಟಗೊಂಡಿರತೈತಿ. ಕಣ್ಣು ಮಿಟಕಸೂದ್ರಾಗ ಬದಲಾಗತೈತಿ. ಏರಿನ್ಯಾಗ ಮಾತ್ರ ಬ್ರೇಕ್ ಹಿಡದು ನಿಂದ್ರಸ್ಬೇಕು. ಆಕ್ಸಿಲರೇಟರ್ ಮ್ಯಾಲೆ ತಡದು ನಿಂದ್ರಿಸಿದ್ರ ಕ್ಲಚ್ ಕಾಯ್ದು ಗಾಡಿ ನಿಂತಬಿಡತೈತಿ."

ತಾರೀಖ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನ ಕೈ ಆಗಲೇ ಮ್ಯಾನುವಲ್ ಕಾರಿನ ಗೇರಿನ ಹಿಡಿಕೆಯ ಮೇಲಿತ್ತು. ಆದರೂ ಹೆಂಡತಿಗೆ ಮಾತು ಕೊಟ್ಟಿದ್ದನಲ್ಲ, ಡ್ಯುಯಲ್ ಕ್ಲಚ್ ಕಾರನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದ. ಏರಿನಲ್ಲಿ ಹೇಗೆ ಓಡುತ್ತದೆ ನೋಡೋಣವೆಂದು ಶಿರಹಟ್ಟಿಯ ಮೇಲೆ ಹಾದು ಡೋಣಿಯ ಕಡೆ ಹೊರಟರು. ಅಲ್ಲಿಂದ ಮುಂಡರಗಿಗೆ ಹೋಗಿ ಸುಗ್ರಾಬಿಯನ್ನು ನೋಡುವುದೆಂದಾಯಿತು.

ಕಪ್ಪತಗುಡ್ಡದ ಏರು ಶುರುವಾಗುವಲ್ಲಿ ವಾಹನಗಳ ಸಾಲು ನಿಂತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಕ್ಕೆ ರೆಕ್ಕೆ ಒಯ್ಯುತ್ತಿದ್ದ ಉದ್ದನೆಯ ಟ್ರೇಲರ್ ತಿರುವಿನಲ್ಲಿ ಸಿಕ್ಕಿಕೊಂಡು ಇಂಚಿಂಚೇ ಸರಿಯುತ್ತಿತ್ತು. ತಾರೀಖ ಬ್ರೇಕು ಹಿಡಿಯಲಿಲ್ಲ. ಆಕ್ಸಿಲರೇಟರ್ ಒತ್ತಿ ಒತ್ತಿ ಏರಿನಲ್ಲೇ ಕಾರನ್ನು ತಡೆದು ನಿಲ್ಲಿಸಿದ.

"ಬ್ರೇಕ್ ಹಿಡೀರಿ. ಮುಂದ ಜಾಗಾ ಬಿಡ್ರಿ," ಅಂದಳು ನಿಶಾತ.

"ನನಗ ಹೇಳಬ್ಯಾಡ."

ಸುಟ್ಟ ವಾಸನೆ ಬಂತು. ಮುಂದಿನ ಪರದೆಯಲ್ಲಿ ಕೆಂಪು ದೀಪ ಹತ್ತಿತು. ಕಾರು ಮುಂದೆ ಹೋಗಲು ಒಪ್ಪದೆ ನಿಂತುಬಿಟ್ಟಿತು. ಅದೇ ಹೊತ್ತಿಗೆ ಎದುರಿನಿಂದ ಇಳಿದು ಬಂದ ಉಳ್ಳಾಗಡ್ಡಿ ಲಾರಿ ಬಲಕ್ಕೆ ಅಂಟಿಕೊಂಡಂತೆ ನಿಂತಿತು. ಎಡಕ್ಕೆ ರಸ್ತೆಗಾಗಿ ಕಡಿದ ಬಂಡೆ. ಎರಡು ಬಾಗಿಲಿನ ಕಾರಿನ ಬಾಗಿಲು ಉದ್ದ. ತಾರೀಖ ದೂಡಿದ, ಅದು ಲಾರಿಯ ಗಾಲಿಗೆ ಬಡಿಯಿತು. ನಿಶಾತಳ ಕಡೆಯದು ಬಂಡೆಗೆ ಬಡಿಯಿತು. ಹಿಂದೆ ಬಸ್ಸು, ಮುಂದೆ ಟೆಂಪೊ.

ಎಂಜಿನ್ ಆರಿಸಿದ ಮೇಲೆ ಒಳಗೆ ಝಳ ಏರಿತು. ಕಿಟಕಿ ಇಳಿಸಿದರೆ ಲಾರಿಯ ಹೊಗೆ. ತಾರೀಖನ ಅಂಗಿ ಬೆವರಿನಿಂದ ಬೆನ್ನಿಗೆ ಹತ್ತಿತು. ಮತ್ತೆ ಬಾಗಿಲು ದೂಡಿದ, ಹಾರ್ನ್ ಹೊಡೆದ, ಲಾರಿಯವನನ್ನು ಬೈದ.

"ಸುಮ್ನ ಕುಂಡ್ರಿ. ಆರಿದ ಮ್ಯಾಲೆ ಹೋಗತೈತಿ."

"ಹೆಂಗ ಕುಂಡ್ರಲಿ? ಹೊರಗ ಬರಾಕ ಹಾದಿ ಇಲ್ಲ!"

"ಕಲೀಬೇಕಾಗತೈತ್ರಿ. ನಾ ಕಲ್ತೀನಿ."

ಅವನು ತಿರುಗಿ ನೋಡಿದ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅವನು ಹಾರ್ನಿನಿಂದ ಕೈ ತೆಗೆದ. "ಅಂಗಡ್ಯಾಗ ಯಾವ ಸೀರಿ ತರಬೇಕು, ಅಬ್ಬಾ ಹೇಳ್ತಾರ. ಎಷ್ಟೊತ್ತಿಗೆ ಬಾಗಲಾ ಹಾಕಬೇಕು, ಅದನ್ನೂ ಅಬ್ಬಾ ಹೇಳ್ತಾರ. ಈ ಗೇರ್ ಹಾಕೂದೊಂದರ ನನ್ನ ಕೈಯಾಗ ಇರಲಿ ಅಂತೀನಿ. ಅದನ್ನೂ ಗಾಡಿನ ಮಾಡಿದ್ರ ನಾ ಯಾಕ ಬೇಕು? ತಪ್ಪೇನು?"

"ತಪ್ಪಲ್ರಿ. ನನ್ನ ಕೈಯಾಗ ಏನಿರಬೇಕು, ಅದನ್ನೂ ಹೇಳ್ರಿ."

ತಾರೀಖ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಟ್ರೇಲರ್ ತಿರುವು ದಾಟಿತು, ಲಾರಿ ಇಳಿದುಹೋಯಿತು. ಕೆಂಪು ದೀಪ ಆರಿತ್ತು, ಆದರೆ ತಾರೀಖ ಬಂಡೆ ಮುಗಿಯುವವರೆಗೆ ಕಾರು ತಂದು, ಇನ್ನು ಸಾಕೆಂದು ಇಳಿದುಬಿಟ್ಟ. ನಿಶಾತ ಇಳಿದು ಬಂದು ಬಲಗಡೆ ಕೂತಳು. ಎಡಗಾಲನ್ನು ಪಕ್ಕಕ್ಕೆ ಚಾಚಿ, ಬಲಗಾಲಿನಿಂದ ಬ್ರೇಕ್ ಹಿಡಿದಳು. ಮುಂದಿನ ಟೆಂಪೊ ದೂರ ಹೋಗುವವರೆಗೆ ಕಾದು, ಒಂದೇ ಓಟಕ್ಕೆ ಏರು ಹತ್ತಿಸಿದಳು. ಗೇರು ಬದಲಾದದ್ದು ತಿಳಿಯಲೇ ಇಲ್ಲ. ಡೋಣಿ ದಾಟುವಾಗ ಅವಳು ತನಗೆ ತಾನೇ ನಗುತ್ತಿದ್ದುದನ್ನು ತಾರೀಖ ಕಂಡ. ಮುಂಡರಗಿಯ ಓಣಿಯಲ್ಲಿ ಸುಗ್ರಾಬಿ ಹೊರಗೆ ಬಂದು, ಮಗಳು ಕೂತ ಕಡೆ ನೋಡಿ, "ಅಲ್ಲಾ, ನೀನ ಹೊಡ್ಕೊಂಡು ಬಂದ್ಯಾ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಾರು ಹಿಂತಿರುಗಿಸುವಾಗ ತಾರೀಖ ಮ್ಯಾನುವಲ್ ಕಾರಿನ ಕೀಲಿ ಕೇಳಿದ.

"ಕ್ಲಚ್ ಕಾಯ್ದಿದ್ದಕ್ಕೇನು ಭಾಯ್? ಬ್ರೇಕ್ ಹಿಡದಿದ್ರ ಏನೂ ಆಗ್ತಿರಲಿಲ್ಲ," ಎಂದ ನಿಜಾಮುದ್ದೀನ.

"ನಡು ಹಾದ್ಯಾಗ ಕೈ ಕೊಡೂ ಗಾಡಿ ನನಗ ಬ್ಯಾಡ."

"ಆಟೋಮ್ಯಾಟಿಕ್ ಆದ್ರೂ ತಗೋರಿ," ಎಂದು ನಿಶಾತ ಮೆಲ್ಲಗೆ ಅಂದಳು.

"ಅದು ಎಮ್ಮಿ ಇದ್ದಂಗ ಐತಿ. ನಿನ್ನ ನಾ ಕರಕೊಂಡು ಹೋಗ್ತೀನಲ್ಲ?"

ಪರರ ಮುಂದೆ ಗಂಡನೊಂದಿಗೆ ಜಗಳಾಡುವುದು ಅವಳಿಗೆ ಬರುತ್ತಿರಲಿಲ್ಲ. ಅವನು ಕೊಂಡ ಮ್ಯಾನುವಲ್ ಕಾರಿನ ಎಡಗಡೆಯ ಸೀಟಿನಲ್ಲಿ ಕೂತು ಗದಗಿಗೆ ಬಂದಳು.

ಮುಂದಿನ ಶುಕ್ರವಾರ ತಾರೀಖ ತಾನಾಗಿಯೇ ಅಂಗಡಿಯಿಂದ ಬೇಗ ಬಂದು, "ನಡಿ, ಮುಂಡರಗಿಗೆ ಹೋಗೂಣು" ಅಂದ. ನಿಶಾತ ಚೀಲ ತಗೊಂಡು ಹೊರಬಿದ್ದು, ಕಾರನ್ನು ದಾಟಿ ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದಳು. ತಾರೀಖ ಕಾರು ತಗೊಂಡು ಹಿಂದಿನಿಂದ ಬಂದ. ಬಸ್ಸು ಹೊರಟರೂ ಹಿಂದೆಯೇ ಇದ್ದ. ಬಸ್ಸು ನಿಂತಲ್ಲಿ ನಿಂತ, ಹೊರಟಾಗ ಹೊರಟ. ಒಂದು ಹಳ್ಳಿಯಲ್ಲಿ ಇಳಿದು ಕಿಟಕಿಯ ಕೆಳಗೆ ಬಂದ.

"ಇಳಿ, ನಿಶಾತ. ಮಂದಿ ನೋಡ್ತಾರ."

"ನೋಡ್ಲಿ ಬಿಡ್ರಿ. ನಾ ಆ ಸೀಟಿನ್ಯಾಗ ಕುಂಡ್ರಂಗಿಲ್ಲ."

ಮುಂಡರಗಿಯಲ್ಲಿ ಇಬ್ಬರೂ ಊಟಕ್ಕೆ ಕೂತರು. ಸುಗ್ರಾಬಿ ಮಗಳ ಮುಖ ನೋಡಿದಳು, ಅಳಿಯನ ಮುಖ ನೋಡಿದಳು, ಇನ್ನೆರಡು ರೊಟ್ಟಿ ಹಾಕಿದಳು.

ಸಂಜೆಯ ಬಸ್ಸು ತುಂಬಿ ಬಂತು. ನಿಶಾತ ಹೇಗೋ ಹತ್ತಿ ಕಂಬಿ ಹಿಡಿದು ನಿಂತಳು. ಬಸ್ಸು ಬಿಡುವಾಗ ಯಾರೋ ನುಗ್ಗಿ ಬಂದು ಪಕ್ಕದಲ್ಲಿ ನಿಂತರು. ನೋಡಿದರೆ ತಾರೀಖ.

"ಗಾಡಿ?"

"ಅಮ್ಮೀ ಮನಿ ಮುಂದ ಐತಿ."

ಇಬ್ಬರೂ ಜನರ ನಡುವೆ ಓಲಾಡುತ್ತ ನಿಂತರು. ಆಮೇಲೆ ಅವನು ಅವಳ ಕಿವಿಯ ಹತ್ತಿರ ಬಾಗಿದ.

"ನಾಳೆ ಅದನ್ನ ಹುಬ್ಬಳ್ಳಿಗೆ ಒಯ್ದು ನಿಜಾಮುದ್ದೀನಭಾಯಿನ ಕೇಳಿ ನೋಡ್ತೀನಿ. ವಾಪಸ್ ತಗೊಂಡು ನೀ ಹೊಡದಿದ್ದ ಗಾಡಿ ಕೊಡ್ತಾನೋ ಇಲ್ಲೋ, ಗೊತ್ತಿಲ್ಲ."

"ಖರೇನ ಕೇಳ್ತೀರೇನು?"

ಬಸ್ಸು ತಿರುವು ತಗೊಂಡಿತು, ಜನ ಮೈಮೇಲೆ ಬಿದ್ದರು. ನಿಶಾತ ಎರಡೂ ಕೈಯಿಂದ ಕಂಬಿ ಹಿಡಿದು, ಭಾರವನ್ನು ಬಲಗಾಲಿಗೆ ಹಾಕಿ ನಿಂತಳು.