ಎಡಗಡೆಯ ದೀಪ

“ಒತ್ತು!”

ಅವಳು ಒತ್ತಿದಳು.

“ಬಿಡು. ಮತ್ತೆ ಒತ್ತು. ಒತ್ತಿದ್ಯೇನೇ? ಕಾಲಲ್ಲಿ ಜೀವ ಇದೆಯೋ ಇಲ್ವೋ!”

ಜೀವ ಬೇಕಾದಷ್ಟಿತ್ತು, ಇಲ್ಲದ್ದು ಉದ್ದ. ಹಳೆಯ ಪಿಕಪ್‌ನ ಬೆಂಚಿನಂಥ ಒಂದೇ ಸೀಟು ಗಂಡನ ನೀಳ ಕಾಲಿನ ಅಳತೆಗೆ ಕೂತುಬಿಟ್ಟಿತ್ತು. ಅವಳು ಸೀಟಿನ ತುದಿಗೆ ಜರುಗಿ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಾಲ್ಬೆರಳ ತುದಿಯಿಂದ ಬ್ರೇಕು ಒತ್ತಬೇಕಾಗಿತ್ತು. ನರ್ಸರಿಯಲ್ಲಿ ಕೆಲಸಕ್ಕಿದ್ದಷ್ಟು ಕಾಲ ಇದೇ ಗಾಡಿಯಲ್ಲಿ ಊರೆಲ್ಲ ಸಸಿ ಹಂಚಿ ಬಂದವಳು ಅವಳು. ಆಗ ಬೆನ್ನಿಗೊಂದು ದಿಂಬು ಕೊಟ್ಟುಕೊಳ್ಳುತ್ತಿದ್ದಳು. ಗಂಡ ಬಸ್ ಡಿಪೋದ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಸ್ಟೀರಿಂಗು ಅವನ ಕೈಗೆ ಹೋಯಿತು, ದಿಂಬು ಮಂಚಕ್ಕೆ ಹೋಯಿತು. ಬೆಳಿಗ್ಗೆ “ಸೀಟು ಸ್ವಲ್ಪ ಮುಂದಕ್ಕೆ ಎಳೀರೀ” ಅಂದಿದ್ದಕ್ಕೆ, “ಹಳಿ ತುಕ್ಕು ಹಿಡಿದಿದೆ, ಒಂದ್ಸಲ ಮುಂದೆ ಬಂದ್ರೆ ಹಿಂದೆ ಹೋಗಲ್ಲ. ನಾಳೆ ಓಡಿಸೋನು ನಾನಲ್ವಾ?” ಎಂದು ಮಾತು ಮುಗಿಸಿದ್ದ.

ನಾಳೆ ಎಂದರೆ ಅಂತಿಂಥ ನಾಳೆಯಲ್ಲ. ಮಗಳು ಹಸುಗೂಸನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಬರುವ ದಿನ. ಅಳಿಯ ಪಾಪ, ಗೆಳೆಯನ ಕಾರು ತರುತ್ತೇನೆ ಎಂದು ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಮಾವ ಒಂದು ಹೊತ್ತಿನ ಊಟ ಮುಗಿಯುವವರೆಗೂ ಮುಖ ಊದಿಸಿಕೊಂಡಿದ್ದ. ಮಗಳು ಹುಟ್ಟಿದಾಗ ಮನೆಗೆ ಬಂದದ್ದು ಈ ಪಿಕಪ್‌ನಲ್ಲಿ, ಮೊಮ್ಮಗಳೂ ಇದರಲ್ಲೇ ಬರಬೇಕು, ತಾನೇ ತರಬೇಕು. ಹಾಗಿದ್ದ ಮೇಲೆ ಗಾಡಿಯ ಒಂದು ದೀಪವೂ ಕೈಕೊಡಬಾರದು ಎಂದು ಈ ತಪಾಸಣೆ.

ಡಿಪೋದಲ್ಲಿ ಬಸ್ಸುಗಳ ವೈರಿಂಗ್ ನೋಡಿಕೊಳ್ಳುತ್ತಿದ್ದ ಅವನನ್ನು ಬೀದಿಯವರೆಲ್ಲ ಇವತ್ತಿಗೂ ಮೇಸ್ತ್ರಿ ಎಂದೇ ಕರೆಯುತ್ತಾರೆ. ತಪಾಸಣೆಯ ಮೊದಲ ದಿನ, ಮೊನ್ನೆ, ಸಿಕ್ಕ ತೊಂದರೆ ನಿಜವಾದದ್ದೇ. ಬ್ರೇಕು ಒತ್ತಿದರೆ ಹಿಂದಿನ ದೀಪ ಮಂಕಾಗಿ, ಪಕ್ಕದ ಇಂಡಿಕೇಟರು ಮಿಣಿಮಿಣಿ ಎನ್ನುತ್ತಿತ್ತು. “ಕರೆಂಟಿಗೆ ವಾಪಸ್ ಹೋಗೋಕೆ ದಾರಿ ಸಿಕ್ತಿಲ್ಲ ಕಣೇ, ಪಕ್ಕದ ಮನೆ ಬಾಗಿಲು ತಟ್ಟಿದೆ” ಎಂದು ನಕ್ಕು, ಗಾಡಿಯ ಅಡಿಗೆ ಕೈ ಹಾಕಿ, ನೋಡದೆಯೇ ಬೆರಳಲ್ಲಿ ತಡಕಿ, ತುಕ್ಕು ತಿಂದ ಅರ್ಥಿಂಗ್ ಸ್ಕ್ರೂ ಹಿಡಿದಿದ್ದ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದ ಮೇಲೆ ಅದು ಸರಿಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ದೀಪ ನೋಡುವುದರಲ್ಲಿ ಮೇಸ್ತ್ರಿಯದು ಒಂದೇ ಪದ್ಧತಿ. ಗಾಡಿಯ ಹಿಂದೆ ನಟ್ಟನಡುವೆ ನಿಲ್ಲಬೇಕು, ಕಣ್ಣು ನಂಬರ್ ಪ್ಲೇಟಿನ ಮೇಲಿರಬೇಕು. ದೀಪಗಳನ್ನು ನೋಡಲೇಬಾರದು, ಅವೇ ಎರಡೂ ಕಡೆಯಿಂದ ಒಟ್ಟಿಗೆ ಕಣ್ಣಂಚಿಗೆ ಬರಬೇಕು. ಒಂದೊಂದನ್ನೇ ನೋಡಿದರೆ ಯಾವುದು ಮಂಕು, ಯಾವುದು ಚುರುಕು ಎಂದು ತಿಳಿಯುವುದಿಲ್ಲ ಎಂದು ಡಿಪೋಕ್ಕೆ ಕಲಿಯಲು ಬಂದವರಿಗೆಲ್ಲ ತಲೆಗೆ ಮೊಟಕಿ ಹೇಳಿಕೊಟ್ಟಿದ್ದ. ಹಾಗೆ ನಿಂತರೆ ಈಗ ಎಡಗಡೆಯದು ಇಲ್ಲ. ಹತ್ತಿರ ಹೋಗಿ ಬಗ್ಗಿದರೆ ಇದೆ. ಹಿಂದೆ ಸರಿದು ನಿಂತರೆ ಮತ್ತೆ ಇಲ್ಲ. ಲೂಸ್ ಕಾಂಟ್ಯಾಕ್ಟ್ ಎಂದು ತೀರ್ಮಾನವಾಯಿತು. ಬಲ್ಬು ಬದಲಾಯಿತು, ಹೋಲ್ಡರು ಬದಲಾಯಿತು, ಚೆನ್ನಾಗಿದ್ದ ವೈರನ್ನು ಅಲ್ಲಲ್ಲಿ ಸೀಳಿ ನೋಡಿದ್ದಾಯಿತು. ನಿನ್ನೆಯೆಲ್ಲ ಇದೇ ರಾಮಾಯಣ.

ನಿನ್ನೆ ಗಾಡಿ ಅಂಗಳದ ಬಿಸಿಲಲ್ಲಿತ್ತು. ಇಂದು ಸೆಕೆ ತಾಳಲಾರದೆ ಅದನ್ನು ತಗಡಿನ ಶೆಡ್ಡಿನೊಳಗೆ, ಸುಣ್ಣ ಬಳಿದ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದ್ದರು. ಮೇಸ್ತ್ರಿ ಗಾಡಿಗೂ ಗೋಡೆಗೂ ನಡುವೆ ನಿಂತಿದ್ದ.

“ಒತ್ತೇ!”

ಅವಳು ಒತ್ತಿ, ಸುಮ್ಮನೆ ಕನ್ನಡಿ ನೋಡಿದಳು. ಬಲಗಡೆಯ ಕನ್ನಡಿಯಲ್ಲಿ ಗೋಡೆಯ ಮೇಲೊಂದು ಕೆಂಪು ಬೆಳಕು ಬಿದ್ದಿತ್ತು. ಎಡಗಡೆಯ ಕನ್ನಡಿಯಲ್ಲೂ ಅಂಥದೇ ಇನ್ನೊಂದು.

“ಬಲಗಡೆ ಇದೆ. ಎಡಗಡೆ ಇಲ್ಲ!” ಹಿಂದಿನಿಂದ ಕೂಗು ಬಂತು.

“ಸರಿಯಾಗಿ ನೋಡಿದ್ರಾ?”

“ನಲವತ್ತು ವರ್ಷ ಇನ್ನೇನು ಮಾಡ್ದೆ ನಾನು?”

ಕಾಲು ತೆಗೆದಳು. ಎರಡೂ ಕೆಂಪು ಆರಿದವು. ಮತ್ತೆ ಒತ್ತಿದಳು, ಎರಡೂ ಬಂದವು. “ಇಲ್ಲ, ಇಲ್ಲ” ಎಂದು ಅವನು ಗೊಣಗುವುದು ಕೇಳಿಸಿತು.

ಹೋದ ತಿಂಗಳು ಗೇಟಿನ ಕಂಬಕ್ಕೆ ಗಾಡಿಯ ಎಡಮಗ್ಗುಲು ಉಜ್ಜಿತ್ತು. ಕಂಬವೇ ವಾಲಿದೆ ಎಂದು ಅವನು ವಾದಿಸಿದ್ದ, ಅವಳು ನಂಬಿದ್ದಳು. ಊಟದ ಮೇಜಿನ ಮೇಲೆ ಎಡಗೈ ಬಳಿ ಇಟ್ಟ ಲೋಟ ಎರಡು ಸಲ ಉರುಳಿತ್ತು. ಕಂಡಕಂಡಲ್ಲಿ ಇಡುತ್ತೀಯ ಎಂದು ಬೈಸಿಕೊಂಡವಳು ಅವಳೇ. ಆ ಬೈಗುಳ ಈಗ ನೆನಪಾಗಿ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ನಾಳೆ ಈ ಸೀಟಿನಲ್ಲಿ ಅವನು, ಪಕ್ಕದಲ್ಲಿ ಮಗಳು, ಮಗಳ ಮಡಿಲಲ್ಲಿ ಇನ್ನೂ ಹೆಸರಿಡದ ಕೂಸು, ಎಡಬದಿಯಿಂದ ಯಾವುದಾದರೂ ಬಸ್ಸು ನುಗ್ಗಿದರೆ?

ಒಬ್ಬನೇ ಇದ್ದಾಗ ಪೆಡಲಿಗೂ ಸೀಟಿಗೂ ನಡುವೆ ಸಿಕ್ಕಿಸಲು ಅವನು ಮಾಡಿಟ್ಟುಕೊಂಡಿದ್ದ ಮರದ ಕೋಲು ಕಾಲಬುಡದಲ್ಲಿ ಬಿದ್ದಿತ್ತು. ಲೂಸ್ ಕಾಂಟ್ಯಾಕ್ಟ್ ಹಿಡಿಯಲು ಒತ್ತಿ ಬಿಟ್ಟು ಒತ್ತುವವರು ಬೇಕು ಎಂದು ಇವತ್ತು ಅದಕ್ಕೆ ರಜೆ. ಅವಳು ಕೋಲನ್ನು ಸಿಕ್ಕಿಸಿ, ಬ್ರೇಕು ಒತ್ತಿಕೊಂಡೇ ಇರುವಂತೆ ಮಾಡಿ, ಸದ್ದಾಗದಂತೆ ಇಳಿದಳು. ಗಾಡಿಯ ಮುಂದಿನಿಂದ ಸುತ್ತಿ ಬಂದು ಹಿಂದಿನ ಎಡಮೂಲೆಯಲ್ಲಿ, ಉರಿಯುತ್ತಿದ್ದ ದೀಪದ ಪಕ್ಕದಲ್ಲೇ ನಿಂತಳು. ಸೀರೆಯ ನೆರಿಗೆ ಕೆಂಪಾಯಿತು.

ಮೇಸ್ತ್ರಿ ನಟ್ಟನಡುವೆ ನಿಂತು ನಂಬರ್ ಪ್ಲೇಟು ನೋಡುತ್ತಿದ್ದ. ಕೈ ಚಾಚಿದರೆ ತಾಗುವಷ್ಟು ಹತ್ತಿರ.

“ಈಗ್ಲೂ ಇಲ್ಲ” ಎಂದು ಖಾಲಿ ಸೀಟಿಗೆ ಕೂಗಿ ಹೇಳಿದ. “ಕೇಳಿಸ್ತೇನೇ? ಎಡಗಡೆ ಏನೂ ಇಲ್ಲ.”

ಅವಳಿಗೆ ಅಲ್ಲಿಂದ ಓಡಿಹೋಗಿ ಸೀಟಿನಲ್ಲಿ ಕೂತು, ಏನೂ ಆಗಿಲ್ಲವೆಂಬಂತೆ ಸುಮ್ಮನಿದ್ದುಬಿಡೋಣವೇ ಎಂದು ಅನ್ನಿಸಿತು.

“ನಾನಿಲ್ಲೇ ಇದೀನಿ ಕಣ್ರೀ” ಎಂದಳು.

ಅವನು ಬೆಚ್ಚಿಬಿದ್ದು ತಿರುಗಿದ. “ಯಾವಾಗ ಬಂದೆ? ಬ್ರೇಕು ಯಾರು ಒತ್ತಿರೋದು?”

“ಕೋಲು. ಕಣ್ಣಲ್ಲಿ ಬೇಡ, ಕೈಯಲ್ಲಿ ನೋಡಿ.” ಅವನ ಕೈಯನ್ನು ತಂದು ಎಡಗಡೆಯ ದೀಪದ ಗಾಜಿನ ಮೇಲಿಟ್ಟಳು.

ಗಾಜು ಬೆಚ್ಚಗಿತ್ತು. ಅವನು ತಲೆ ತಗ್ಗಿಸಿ, ಬೆರಳ ಸಂದಿನಿಂದ ಬರುತ್ತಿದ್ದ ಕೆಂಪನ್ನು ನೋಡಿದ. ಆಮೇಲೆ ಬಲಗಡೆಯ ದೀಪಕ್ಕೆ ಹೋಗಿ ಅಂಗೈ ಇಟ್ಟ. ಮತ್ತೆ ಎಡಕ್ಕೆ ಬಂದ. ನಡುವೆ ನಿಂತು, ನಂಬರ್ ಪ್ಲೇಟು ನೋಡಿ, ಒಂದು ಕಣ್ಣು ಮುಚ್ಚಿದ, ಅದನ್ನು ತೆರೆದು ಇನ್ನೊಂದು ಮುಚ್ಚಿದ. ಶೆಡ್ಡಿನ ತಗಡು ಬಿಸಿಲಿಗೆ ಟಕ್ಕೆನ್ನುತ್ತಿತ್ತು.

“ಎಷ್ಟು ಹೊತ್ತಿಂದ ಉರೀತಿದೆ?”

“ಆಗಿಂದ.”

“ನಿನ್ನೆ?”

“ನಿನ್ನೇನೂ ಇತ್ತೇನೋ. ನನಗೆ ಗೋಡೆ ಕಂಡಿದ್ದು ಇವತ್ತೇ.”

ಬೈಯಲಿ ಎಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಕೆಳಗೆ ಕೂತು, ತಾನೇ ಸೀಳಿದ್ದ ವೈರುಗಳಿಗೆ ಒಂದೊಂದಾಗಿ ಟೇಪು ಸುತ್ತತೊಡಗಿದ.

“ಸುಮ್ನೆ ಕೊಯ್ದೆ ಇದನ್ನ” ಎಂದ ಕೊನೆಗೆ.

“ನಾಳೆ ಹೋಗೋ ಆಸ್ಪತ್ರೇಲೇ ಕಣ್ಣಿನ ಡಾಕ್ಟ್ರೂ ಇದಾರೆ” ಎಂದಳು ಅವಳು, ಟೇಪು ಕತ್ತರಿಸಿ ಕೊಡುತ್ತಾ. ಅವನು ಟೇಪಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಅಂಟಿಸಿದ. ಓಡಿಸುವ ಮಾತನ್ನು ಇಬ್ಬರೂ ಎತ್ತಲಿಲ್ಲ. ರಾತ್ರಿ ಅವಳು ಗಾಡಿಯಲ್ಲಿ ಬೆನ್ನಿಗಿಟ್ಟುಕೊಳ್ಳುತ್ತಿದ್ದ ಆ ದಿಂಬನ್ನು ತೆಗೆದು ಬಾಗಿಲ ಹತ್ತಿರದ ಕುರ್ಚಿಯ ಮೇಲಿಟ್ಟು, ಮತ್ತೆ ಮನಸ್ಸು ತಡೆಯದೆ ಮಂಚಕ್ಕೇ ತಂದಿಟ್ಟಳು.

ಬೆಳಿಗ್ಗೆ ಅವಳು ಕೂಸಿನ ಹೊದಿಕೆ, ಬಿಸಿನೀರಿನ ಫ್ಲಾಸ್ಕು ಹಿಡಿದು ಹೊರಬಂದಾಗ ಶೆಡ್ಡಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಮೇಸ್ತ್ರಿಯ ಅರ್ಧ ಮೈ ಗಾಡಿಯೊಳಗಿತ್ತು, ಅರ್ಧ ಹೊರಗೆ. ಎಣ್ಣೆಯ ಡಬ್ಬಿ ಪಕ್ಕದಲ್ಲಿತ್ತು. ಕಿರ್ ಎಂದು ಕಬ್ಬಿಣ ಕಿರುಚಿ ಸೀಟು ಜರುಗಿತು.

“ಕೂತು ನೋಡು.”

ಅವಳು ಕೂತಳು. ಕಾಲು ಚಾಚಿದಳು.

“ಪೂರ್ತಿ ಎಟಕ್ತಾ?”

“ಇನ್ನೊಂಚೂರು.”

ಅವನು ಬಗ್ಗಿ ಸೀಟನ್ನು ಹಳಿಯ ಇನ್ನೊಂದು ಹಲ್ಲಿನಷ್ಟು ಮುಂದಕ್ಕೆ ಎಳೆದ. ಪಾದ ಬ್ರೇಕಿನ ಮೇಲೆ ಪೂರ್ತಿ ಕೂತಿತು. “ಒತ್ತು” ಎಂದು ಹಿಂದೆ ಹೋದ. ಅವಳು ಕನ್ನಡಿಯಲ್ಲಿ ನೋಡುತ್ತಿದ್ದಳು: ಅವನು ನಡುವೆ ನಿಲ್ಲಲಿಲ್ಲ. ಬಲಗಡೆಯ ದೀಪದ ಮುಂದೆ ನಿಂತು ನೋಡಿದ, ಎಡಗಡೆಗೆ ನಡೆದುಹೋಗಿ, ಬಗ್ಗಿ, ಅದನ್ನೂ ನೋಡಿದ.

“ಎರಡೂ ಇವೆ” ಎಂದ.

ಸುತ್ತಿ ಬಂದು ಆಚೆ ಬಾಗಿಲು ತೆಗೆದು ಹತ್ತಿದ. ಮುಂದಕ್ಕೆ ಬಂದ ಸೀಟಿನಲ್ಲಿ ಅವನ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯಿತು. ಅವನು ನೀಳ ಕಾಲುಗಳನ್ನು ಓರೆಯಾಗಿ ಮಡಚಿಕೊಂಡು, ಅವಳ ಕೈಯಿಂದ ಕೂಸಿನ ಹೊದಿಕೆಯನ್ನು ತೆಗೆದುಕೊಂಡು, ತೊಡೆಯ ಮೇಲೆ ಹರಡಿ ಕೂತ.