ಬಣ್ಣ ಮುಟ್ಟದ ಜಾಗ

ಮಾತ್ರೆಯ ಡಬ್ಬಿಯಲ್ಲಿ ಮಡಚಿಟ್ಟ ಚೀಟಿಯನ್ನು ಯಾರಾದರೂ ಓದುತ್ತಾರೆಯೇ? ಆ ಮನೆಯ ಅತ್ತೆ ಓದುತ್ತಿದ್ದರು. ಸೊಸೆಗೆ ಮೂರ್ಛೆರೋಗದ ಹೊಸ ಮಾತ್ರೆ ಬಂದ ದಿನ ಚೀಟಿಯನ್ನು ಊಟದ ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಮಧ್ಯಾಹ್ನವಿಡೀ ಕೂತಿದ್ದರು.

"ಪತ್ತೇದಾರಿ ಕೆಲ್ಸ ಶುರುವಾಯ್ತು," ಎಂದು ಸೊಸೆ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು.

"ನಗು, ನಗು," ಎಂದರು ಅತ್ತೆ. ಕಣ್ಣು ಮಂಜಾಗಿದ್ದರೂ ಅವರ ಕಿವಿ ಬಲು ಚುರುಕು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣ ತಾಳೆ ನೋಡುವುದು ಸೊಸೆಯ ಕೆಲಸ. ಗಿರಾಕಿ ಕೊಟ್ಟ ತುಂಡಿನ ಪಕ್ಕ ಆಗಷ್ಟೇ ಒಣಗಿದ ಬಟ್ಟೆ ಹಿಡಿದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹೇಳಬೇಕು. ಹಳೆಯ ಮಾತ್ರೆ ಮೂರ್ಛೆಯನ್ನು ತಡೆದಿತ್ತು, ನಿಜ. ಆದರೆ ತಲೆಗೆ ಮಂಕು ಕವಿಸಿ, ಒಂದು ನೀಲಿಯನ್ನು ಎರಡಾಗಿ ತೋರಿಸುತ್ತಿತ್ತು. ಮೇಸ್ತ್ರಿ ಅವಳನ್ನು ಬಟ್ಟೆ ಮಡಚುವ ಮೇಜಿಗೆ ದಬ್ಬಿದ್ದ. ಡಾಕ್ಟರು ಹಳೆಯದನ್ನು ಸ್ವಲ್ಪಸ್ವಲ್ಪವೇ ಇಳಿಸಿ ಹೊಸದನ್ನು ಏರಿಸುತ್ತ ಬಂದರು. ಐದನೇ ವಾರಕ್ಕೆ ಮಂಕು ಸರಿದು, ಅವಳಿಗೆ ತನ್ನ ಕಿಟಕಿ ಪಕ್ಕದ ಜಾಗ ಮತ್ತೆ ಸಿಕ್ಕಿತು. ಅವತ್ತು ಸಂತೋಷಕ್ಕೆ ಅವಳು ಶೌಚಾಲಯಕ್ಕೆ ಹೋಗಿ ಅತ್ತುಬಿಟ್ಟಿದ್ದಳು.

ಅದೇ ವಾರ ಮೈಮೇಲೆ ಕೆಂಪು ಗಂಧೆ ಎದ್ದಿತು. ಬಣ್ಣದ ಕಾರ್ಖಾನೆಯಲ್ಲಿ ಅದೊಂದು ವಿಷಯವೇ ಅಲ್ಲ. ಅಲ್ಲಿ ಕೈ ಕೆರೆದುಕೊಳ್ಳದವರು ಇನ್ನೂ ಹೊಸಬರೆಂದೇ ಲೆಕ್ಕ. "ಅಂತೂ ನಮ್ಮ ಗುಂಪಿಗೆ ಸೇರಿದೆ," ಎಂದು ಬಣ್ಣ ಕದಡುವವಳು ತನ್ನ ಮುಲಾಮು ಕೊಟ್ಟಳು. ಸೊಸೆ ಹಚ್ಚಿಕೊಂಡಳು. ಇದು ಹೊಸ ಮಾತ್ರೆಯದೇ ಏನೋ ಎಂಬ ಸಂಶಯ ಒಳಗೆ ಚುಚ್ಚುತ್ತಿತ್ತು. ಬಾಯಿಬಿಟ್ಟರೆ ಮಾತ್ರೆ ನಿಲ್ಲಿಸುತ್ತಾರೆ, ಮತ್ತೆ ಆ ಮಂಕು, ಆ ಮಡಚುವ ಮೇಜು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಅವಳು ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಓಡಾಡಿದಳು.

ಎರಡನೇ ದಿನ ಬೆಳಿಗ್ಗೆ ಮೈ ಬೆಚ್ಚಗಿತ್ತು. ನೀರು ಕುಡಿಯಲು ತಲೆ ಎತ್ತಿದಾಗ ಕಾಲರ್ ಸರಿಯಿತು.

"ಅದೇನದು ಕತ್ತಿನ ಮೇಲೆ?" ಅತ್ತೆ ಲೋಟ ಕಿತ್ತಿಟ್ಟರು.

"ಬಣ್ಣದ ಅಲರ್ಜಿ, ಅತ್ತೆ. ಎಲ್ಲರಿಗೂ ಆಗುತ್ತೆ."

"ಎಲ್ಲರಿಗೂ ಕೈಗಲ್ವಾ ಆಗೋದು? ಬಿಚ್ಚು ಗುಂಡಿ." ಎದೆಯ ತುಂಬ ಕೆಂಪು. "ನೀನೇನು ಎದೇಲಿ ಬಟ್ಟೆ ಅದ್ದುತೀಯಾ? ಬಣ್ಣ ಮುಟ್ಟದ ಜಾಗಕ್ಕೆ ಇದು ಹೇಗೆ ಬಂತು?"

ಸೊಸೆಯ ಕಣ್ಣು ಮಾತ್ರೆಯ ಡಬ್ಬಿಯತ್ತ ಹೋಯಿತು. ಗಂಡ ಗಾಬರಿಯಿಂದ, "ಇವತ್ತಿಂದ ಅದನ್ನ ನುಂಗ್ಲೇಬೇಡ ಬಿಡು," ಎಂದ.

"ನೀನ್ಯಾವ ಊರಿನ ಡಾಕ್ಟ್ರೋ? ನಮ್ಮಷ್ಟಕ್ಕೆ ನಾವೇ ನಿಲ್ಲಿಸಿದ್ರೆ ಮೂರ್ಛೆ ಒಂದರ ಮೇಲೊಂದು ಬರಬಹುದು ಅಂತ ಚೀಟೀಲಿದೆ. ಗಂಧೆ ಎದ್ರೆ ಕೂಡ್ಲೇ ಡಾಕ್ಟ್ರಿಗೆ ಹೇಳಿ ಅಂತಾನೂ ಇದೆ. ಫೋನ್ ಮಾಡು!"

ಡಾಕ್ಟರು ಮುಂದಿನ ಮಾತ್ರೆ ಕೊಡಬೇಡಿ, ಹೊರಟು ಬನ್ನಿ ಎಂದರು. ಆಸ್ಪತ್ರೆಯಲ್ಲಿ ಆ ಮಾತ್ರೆ ನಿಲ್ಲಿಸಿ, ಮೂರ್ಛೆ ಮರಳದಂತೆ ಅಂದೇ ಬೇರೊಂದನ್ನು ಶುರುಮಾಡಿದರು. ಬಾಯಿ, ಕಣ್ಣು, ರಕ್ತ ಎಲ್ಲ ಪರೀಕ್ಷಿಸಿ ಮೂರು ದಿನ ಇರಿಸಿಕೊಂಡರು. "ಇನ್ನೂ ತಡ ಮಾಡಿದ್ರೆ ಬಾಯೊಳಗೆ ಹುಣ್ಣಾಗಿ, ಚರ್ಮ ಸುಲಿದು ಜೀವಕ್ಕೇ ಕುತ್ತು ಬರಬಹುದಿತ್ತು," ಎಂದ ಡಾಕ್ಟರು, "ಯಾರು ನೋಡಿದ್ದು ಮೊದಲು?" ಎಂದು ಕೇಳಿದರು.

"ನಮ್ಮತ್ತೆ," ಎಂದಳು ಸೊಸೆ. ಕಣ್ಣಿನ ಕೆಲಸಕ್ಕೆ ಸಂಬಳ ಎಣಿಸುವವಳು ತಾನು. ನೋಡಬೇಕಾದ್ದನ್ನು ನೋಡಿದ್ದು ಮಂಜುಗಣ್ಣಿನ ಆ ಜೀವ.

ಮನೆಗೆ ಬಂದಮೇಲೆ ಅತ್ತೆ ಹೊಸ ಡಬ್ಬಿಯ ಚೀಟಿಯನ್ನೂ ಭೂತಗನ್ನಡಿಯನ್ನೂ ಸೊಸೆಯ ಮುಂದಿಟ್ಟರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಓದು, ನಾನು ಕೇಳ್ತೀನಿ."

ಸೊಸೆ ಓದಿದಳು. "ಕೆಲವರಿಗೆ ಸಿಡುಕು, ಕೋಪ ಬರಬಹುದು."

"ಅಯ್ಯೋ, ಮಾತ್ರೆ ಇಲ್ದೇನೇ ಈ ಮನೇಲಿ ಅದು ಧಾರಾಳವಾಗಿದೆ," ಎಂದರು ಅತ್ತೆ. ನಕ್ಕು ನಕ್ಕು ಸೊಸೆಗೆ ಅಕ್ಷರಗಳು ಮಂಜಾದವು. ಕಣ್ಣೊರೆಸಿಕೊಂಡು ಚೀಟಿಯನ್ನು ಕೊನೆಯ ಸಾಲಿನವರೆಗೂ ಓದಿದಳು.

ಹೊಸ ಮಾತ್ರೆ ಒಗ್ಗಿತು. ಮಂಕಿಲ್ಲ, ಕಿಟಕಿಯ ಪಕ್ಕದ ಜಾಗ ಅವಳದೇ. ಈಗಲೂ ಕೆಲಸಕ್ಕೆ ಹೊರಡುವ ಮುಂಚೆ, ಯಾರೂ ಕೇಳದಿದ್ದರೂ, ಅವಳು ಅತ್ತೆಯ ಕುರ್ಚಿಯ ಮುಂದೆ ನಿಂತು ಮೇಲಿನ ಎರಡು ಗುಂಡಿ ಬಿಚ್ಚುತ್ತಾಳೆ.

"ನೋಡಿ ಅತ್ತೆ," ಎನ್ನುತ್ತಾಳೆ.