ಅಭ್ಯಾಸದ ಪ್ರಶ್ನೆಗಳು

ಸಂಸಾರದಲ್ಲಿ ಹೆಂಗಸಿನ ಮಾತು ಎಷ್ಟು ನಡೆಯುತ್ತದೆಂದು ಮನೆಮನೆಗೆ ಹೋಗಿ ಕೇಳಿ ಅಳೆಯುವ ಕೆಲಸಕ್ಕೆ ಅವಳು ಸೇರಿದ್ದಳು. ಬೀದಿಗಿಳಿಯುವ ಮುಂಚೆ ತರಬೇತಿ. ಅಂದು ಜೋಡಿ ಜೋಡಿಯಾಗಿ ಕೂತು ಒಬ್ಬರನ್ನೊಬ್ಬರು ಪ್ರಶ್ನೆ ಕೇಳಬೇಕಿತ್ತು. ಅವಳ ಪಾಲಿಗೆ ಬಂದವಳು ಹಿಂದೆ ನರ್ಸಾಗಿದ್ದ, ಬಾಯಿಗೆ ಬೀಗವಿಲ್ಲದ ಹೆಂಗಸು. ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಮೊದಲು ಕೇಳುವ ಸರದಿ ದೊಡ್ಡಕ್ಕನದು.

“ಗಂಡನ್ನ ಕೇಳದೆ ತವರಿಗೋ, ಅಕ್ಕತಂಗೀರ ಮನೆಗೋ ಹೋಗಬಹುದಾ?”

“ಹೋಗಬಹುದು. ಹೋಗಲ್ಲ, ಅಷ್ಟೆ.”

“ಯಾಕಮ್ಮಾ?”

“ಅವರು ಮುನಿಸ್ಕೋತಾರೆ.”

“ಹೊಡೀತಾರಾ?”

“ಅಯ್ಯೋ, ಛೆ! ಕೈ ಎತ್ತೋರಲ್ಲ. ಮಾತು ಬಿಡ್ತಾರೆ.”

“ಎಲ್ಲೀತನಕ?”

“ನಾನು ತಪ್ಪಾಯ್ತು ಅನ್ನೋತನಕ.”

ತನ್ನದೇ ಮಾತು ಅವಳ ಕಿವಿಗೆ ಹೊಸದಾಗಿ ಕೇಳಿಸಿತು. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಗಂಡನ ವಿಡಿಯೋ ಕರೆ. ಎಂದಿನಂತೆ ಎದ್ದು, ಕಿಟಕಿ, ಬಾಗಿಲು, ಕೂತವರ ಕಡೆಗೆಲ್ಲ ಫೋನು ತಿರುಗಿಸಿ ತೋರಿಸಿದಳು. ದೊಡ್ಡಕ್ಕ ಕೈಬೀಸಿ, “ನಮಸ್ಕಾರ ಸ್ವಾಮಿ, ಇಲ್ಲಿರೋದೆಲ್ಲ ಹೆಂಗಸರೇ. ಬೆಂಚಿನ ಕೆಳಗೂ ತೋರಿಸ್ಲಾ?” ಎಂದಳು. ಕೋಣೆಯೆಲ್ಲ ಗೊಳ್ಳೆಂದಿತು. ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಚಹಾ ಲೋಟದಲ್ಲೇ ಆರಿತು. ಸಂಜೆ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದಳು. ಅಕ್ಕನ ಬೀದಿ ಬಂದಾಗ ಇಳಿದುಬಿಟ್ಟಳು. ಚಪ್ಪಲಿ ಬಿಡುವಷ್ಟರಲ್ಲಿ ಗಂಡನ ಫೋನು.

“ಅಕ್ಕನ ಮನೇಲಿದೀನಿ. ಊಟ ಮುಗಿಸ್ಕೊಂಡು ಬರ್ತೀನಿ.”

“ಯಾರನ್ನ ಕೇಳಿ ಹೋದೆ?”

“ಕೇಳಲಿಲ್ಲ. ಈಗ ಹೇಳ್ತಿದೀನಲ್ಲ.”

ಕರೆ ಕಟ್ಟಾಯಿತು. ಅಕ್ಕ ಗಾಬರಿಯಿಂದ, “ಎದ್ದು ಹೋಗೇ ಮಾರಾಯ್ತಿ, ಯಾಕೆ ಸುಮ್ನೆ ರಾದ್ಧಾಂತ?” ಎನ್ನುತ್ತಲೇ ತಟ್ಟೆ ಹಾಕಿದಳು. ಅವಳು ಬಡಿಸಿದ್ದನ್ನೆಲ್ಲ ಉಂಡೇ ಎದ್ದಳು.

ಮನೆಯಲ್ಲಿ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಮರುದಿನವೂ ತುಟಿ ಬಿಚ್ಚಲಿಲ್ಲ, ಅದರ ಮರುದಿನವೂ. ‘ತಪ್ಪಾಯ್ತು’ ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು. ಅಂದುಬಿಟ್ಟರೆ ಮನೆ ಮೊದಲಿನಂತಾಗುತ್ತದೆ. ಒರೆಸಿದ ಒಲೆಯನ್ನೇ ಮತ್ತೆ ಒರೆಸಿದಳು, ಮಡಚಿಟ್ಟ ಬಟ್ಟೆ ಕೊಡವಿ ಮತ್ತೆ ಮಡಚಿದಳು. ಅನ್ನಲಿಲ್ಲ.

ವಾರ ತುಂಬುವ ಮೊದಲೇ, ಒಂದು ಬೆಳಿಗ್ಗೆ ಬಚ್ಚಲಿನಿಂದ ಅವನ ದನಿ ಬಂತು: “ಸೋಪು ಮುಗಿದಿದೆ.”

ಕೊಟ್ಟಳು. ಗೆದ್ದೆ ಅಂತೇನೂ ಅನ್ನಿಸಲಿಲ್ಲ. ಅವಳು ಹೊರಡುವಾಗ ಅವನು ಬಾಗಿಲಿಗೆ ಬಂದು, “ಸಂಜೆ ಎಷ್ಟೊತ್ತಿಗೆ ಬರ್ತೀಯ?” ಎಂದ. ಅದು ವಿಚಾರಣೆಯೋ, ಸುಮ್ಮನೆ ಕೇಳಿದ್ದೋ ಅವಳಿಗೆ ತಿಳಿಯಲಿಲ್ಲ, ಬಹುಶಃ ಅವನಿಗೂ.

“ಕೆಲಸ ಮುಗಿದ ಮೇಲೆ,” ಎಂದು ಮೆಟ್ಟಿಲಿಳಿದಳು. ಕಂಬಿ ಹಿಡಿದುಕೊಂಡಳು, ನಿಲ್ಲಲಿಲ್ಲ.